ಖಂಡಸ್ಫುಟಿತ ಜೀರ್ಣೋದ್ಧಾರ: ದಾವಣಗೆರೆ ಸೀಮೆಯ ಮನೆ, ಕೆರೆ ಮತ್ತು ಕೊಳ

ಕನ್ನಡ ನಾಡಿನ ಬಸದಿಗಳಿಗೆ ಸಂಬಂಧಿಸಿದ ದಾನಶಾಸನಗಳನ್ನು ಓದುವವರಿಗೆ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬ ಮಾತು ಚಿರಪರಿಚಿತ. ಖಂಡವೆಂದರೆ ಮುರಿದದ್ದು, ಸ್ಫುಟಿತವೆಂದರೆ ಬಿರುಕುಬಿಟ್ಟದ್ದು, ಜೀರ್ಣವೆಂದರೆ ಕಾಲಕ್ರಮದಲ್ಲಿ ಸವೆದದ್ದು. ದಾನಿಯು ಬಸದಿಗೆ ಭೂಮಿಯನ್ನು ಬಿಡುವಾಗ ದೇವರ ಅರ್ಚನೆ ಮತ್ತು ಋಷಿಸಮುದಾಯದ ಆಹಾರದಾನಗಳ ಜೊತೆಯಲ್ಲಿಯೇ ಕಟ್ಟಡದ ದುರಸ್ತಿಯನ್ನೂ ದಾನದ ಉದ್ದೇಶವಾಗಿ ಹೇಳುತ್ತಾನೆ. ಶೈವ ದೇವಾಲಯಗಳ ಶಾಸನಗಳಲ್ಲಿಯೂ ಇದೇ ಸೂತ್ರ ಬರುತ್ತದೆ. ಸೂತ್ರವಾಗಿಬಿಟ್ಟ ಮಾತಾದ್ದರಿಂದ ನಾವು ಅದನ್ನು ಸಾಮಾನ್ಯವಾಗಿ ದಾಟಿ ಹೋಗುತ್ತೇವೆ. ದೊರೆ ಯಾರು, ಶಕವರ್ಷ ಎಷ್ಟು, ಆಚಾರ್ಯರ ಗಣ-ಗಚ್ಛಗಳು ಯಾವುವು ಎಂಬಲ್ಲಿಗೆ ಕಣ್ಣು ಓಡುತ್ತದೆ. ಆದರೆ ಕಟ್ಟಡ ನಿಂತ ದಿನವೇ ಅದು ಮುಂದೊಮ್ಮೆ ಬಿರಿಯುತ್ತದೆಂದು ಒಪ್ಪಿಕೊಂಡು, ಆ ಬಿರುಕಿಗಾಗಿ ಒಂದು ಹೊಲವನ್ನು ತೆಗೆದಿಡುವ ಈ ಕ್ರಮದಲ್ಲಿ ಒಂದು ವಾಸ್ತುದೃಷ್ಟಿಯೇ ಅಡಗಿದೆ. ಕಟ್ಟುವುದು ಒಬ್ಬನ ಕಾಲದ ಕೆಲಸ. ಕಾಯುವುದು ಹಲವು ತಲೆಮಾರುಗಳ ಕೆಲಸ. ಶಾಸನಗಳ ಕೊನೆಯಲ್ಲಿ ಬರುವ ಶಾಪಾಶಯದ ಶ್ಲೋಕಗಳಲ್ಲೊಂದು ದಾನಕ್ಕಿಂತ ದಾನದ ಪಾಲನೆಯೇ ಮೇಲೆಂದು ಸಾರುವುದೂ ಇದೇ ಅರ್ಥದಲ್ಲಿ.

ಈ ಸೂತ್ರವನ್ನು ಕೈದೀವಿಗೆಯಾಗಿ ಹಿಡಿದು ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು ತಾಲ್ಲೂಕುಗಳ ವಸತಿಪರಿಸರವನ್ನು ಓದುವುದು ಈ ಲೇಖನದ ಉದ್ದೇಶ. ಈ ನಾಲ್ಕೂ ಒಂದೇ ಆಡಳಿತದೊಳಗೆ ಬಂದದ್ದು ಈಚೆಗೆ. 1997ರಲ್ಲಿ ದಾವಣಗೆರೆ ಜಿಲ್ಲೆ ರೂಪುಗೊಂಡಾಗ ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗದಿಂದಲೂ ಜಗಳೂರು ಚಿತ್ರದುರ್ಗದಿಂದಲೂ ಬಂದು ಸೇರಿದವು. ನ್ಯಾಮತಿಯು ಆಮೇಲೆ ಹೊನ್ನಾಳಿಯಿಂದ ಬೇರ್ಪಟ್ಟು ತಾಲ್ಲೂಕಾಯಿತು. ಬಿ. ಎಲ್. ರೈಸ್ ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕಾದಲ್ಲಿ ಚನ್ನಗಿರಿ, ಹೊನ್ನಾಳಿಗಳ ಶಾಸನಗಳು 7ನೆಯ ಸಂಪುಟದಲ್ಲಿಯೂ ಜಗಳೂರಿನವು 11ನೆಯ ಸಂಪುಟದಲ್ಲಿಯೂ ಇರುವುದು ಈ ಕಾರಣದಿಂದ. ಆಡಳಿತದ ಗೆರೆಗಳಿಗಿಂತ ಮಳೆಯ ಗೆರೆ ಇಲ್ಲಿ ಹೆಚ್ಚು ಹಳೆಯದು. ಪಶ್ಚಿಮದ ನ್ಯಾಮತಿ, ಹೊನ್ನಾಳಿ, ಚನ್ನಗಿರಿಗಳು ಮಲೆನಾಡಿನ ಅಂಚಿನ ಅರೆಮಲೆನಾಡು. ಪೂರ್ವದ ಜಗಳೂರು ಅಪ್ಪಟ ಬಯಲುಸೀಮೆ, ಬರಕ್ಕೆ ಹೆಸರಾದ ನೆಲ. ಒಂದು ದಿನದ ಪಯಣದೊಳಗೆ ಮನೆಯ ಮಾಡಿನ ಆಕಾರವೇ ಬದಲಾಗುವ ಪ್ರದೇಶವಿದು.

ಎರಡು ಮಾಡುಗಳು

ಮಳೆ ಹೆಚ್ಚಿದಲ್ಲಿ ಮಾಡು ಇಳಿಜಾರಾಗುತ್ತದೆ. ಮಳೆ ಕಡಿಮೆಯಾದಲ್ಲಿ ಅದು ಚಪ್ಪಟೆಯಾಗುತ್ತದೆ. ನ್ಯಾಮತಿ, ಹೊನ್ನಾಳಿ ಸೀಮೆಯ ಹಳೆಯ ಮನೆಗಳಿಗೆ ಮಣ್ಣಿನ ಗೋಡೆ, ಮರದ ಕಂಬ, ಇಳಿಜಾರಾದ ನಾಡಹೆಂಚಿನ ಹೊದಿಕೆ. ಮುಂದೆ ಜಗಲಿ, ಅದರಾಚೆ ಅಂಗಳ. ಜಗಳೂರಿನ ಕಡೆಗೆ ಬಂದರೆ ಕಲ್ಲು-ಮಣ್ಣಿನ ದಪ್ಪ ಗೋಡೆಗಳ ಮೇಲೆ ತೊಲೆ ಹಾಯಿಸಿ, ಅದರ ಮೇಲೆ ಜಂತೆ ಜೋಡಿಸಿ, ಕಡ್ಡಿ-ಸೊಪ್ಪು ಹರಡಿ, ಮೇಲೆ ಮಣ್ಣು ತುಂಬಿದ ಮಾಳಿಗೆ ಮನೆಗಳು. ಮನೆಯ ಅಳತೆಯನ್ನು ಇಲ್ಲಿ ಅಡಿಗಳಲ್ಲಿ ಹೇಳುವುದಿಲ್ಲ, ಅಂಕಣಗಳಲ್ಲಿ ಹೇಳುತ್ತಾರೆ. ಕಂಬದಿಂದ ಕಂಬಕ್ಕಿರುವ ಅಂತರವೇ ಅಂಕಣ. ಆದ್ದರಿಂದ ಮನೆಯ ದೊಡ್ಡಸ್ತಿಕೆಯನ್ನು ಸಿಕ್ಕ ಮರದ ಉದ್ದವೇ ತೀರ್ಮಾನಿಸುತ್ತಿತ್ತು.

ಮಾಳಿಗೆ ಮನೆಯ ತಂಪಿನ ಗುಟ್ಟು ಅದರ ಭಾರದಲ್ಲಿದೆ. ದಪ್ಪ ಗೋಡೆ ಮತ್ತು ಮಣ್ಣಿನ ಮಾಳಿಗೆ ಹಗಲಿನ ಬಿಸಿಯನ್ನು ನಿಧಾನವಾಗಿ ಹೀರುತ್ತವೆ. ಆ ಬಿಸಿ ಒಳಗೆ ತಲುಪುವಷ್ಟರಲ್ಲಿ ಹೊರಗೆ ಸಂಜೆಯಾಗಿರುತ್ತದೆ. ಕಿಟಕಿಗಳು ಕಡಿಮೆ, ಬೆಳಕು, ಹೊಗೆ ಎರಡಕ್ಕೂ ಮಾಳಿಗೆಯಲ್ಲಿ ಬಿಟ್ಟ ಗವಾಕ್ಷಿಯೇ ದಾರಿ. ಬೇಸಗೆಯ ರಾತ್ರಿಗಳಲ್ಲಿ ಮಾಳಿಗೆಯ ಮೇಲ್ಭಾಗವೇ ಮಲಗುವ ಕೋಣೆ. ನೆರೆಮನೆಯವರ ಮಾಳಿಗೆಯೂ ಪಕ್ಕದಲ್ಲಿಯೇ ಇರುವುದರಿಂದ ಓಣಿಯ ಅರ್ಧ ಮಾತುಕತೆ ನಡೆಯುತ್ತಿದ್ದುದು ಅಲ್ಲಿ.

ಈ ಎರಡು ಮಾಡುಗಳಿಗೂ ಒಂದು ಸಮಾನ ಗುಣವಿದೆ. ಎರಡೂ ಪ್ರತಿವರ್ಷ ಕೈಗೆಲಸ ಬೇಡುತ್ತವೆ. ನಾಡಹೆಂಚಿನ ಮನೆಯಲ್ಲಿ ಮುಂಗಾರಿಗೆ ಮುನ್ನ ಮಾಡು ಹತ್ತಿ ಹೆಂಚು ಕೈಯಾಡಿಸಬೇಕು. ಒಡೆದದ್ದನ್ನು ತೆಗೆದು ಹೊಸದನ್ನು ಸೇರಿಸಬೇಕು. ಮಾಳಿಗೆ ಮನೆಯಲ್ಲಿ ಸವೆದ ಮಣ್ಣಿನ ಜಾಗಕ್ಕೆ ಹೊಸ ಕರಲು ಮಣ್ಣನ್ನು ಹೊತ್ತು ಹಾಕಿ, ಸಮ ಮಾಡಿ, ತುಳಿದು ಗಟ್ಟಿಗೊಳಿಸಬೇಕು. ಉಪ್ಪಿನಂಶದ ಈ ಮಣ್ಣಿನಲ್ಲಿ ಹುಲ್ಲು ಸುಲಭವಾಗಿ ಬೇರುಬಿಡುವುದಿಲ್ಲ, ನೀರೂ ಬೇಗ ಇಳಿಯುವುದಿಲ್ಲ. ಬೇಸಾಯಕ್ಕೆ ಬಾರದ ಮಣ್ಣು ಮಾಳಿಗೆಗೆ ಒದಗಿತು ಎಂಬುದು ಇಲ್ಲಿಯ ಜನರ ವಿವೇಕ. ಒಂದು ಕುಟುಂಬ ಒಂದೇ ದಿನದಲ್ಲಿ ಮುಗಿಸಲಾಗದ ಈ ಕೆಲಸಕ್ಕೆ ಮುಯ್ಯಾಳು ಬೇಕಿತ್ತು. ಇಂದು ನಿಮ್ಮ ಮಾಳಿಗೆಗೆ ನಾವು, ನಾಳೆ ನಮ್ಮ ಮಾಳಿಗೆಗೆ ನೀವು. ಮನೆಯ ಸೋರಿಕೆಯೇ ನೆರೆಹೊರೆಯನ್ನು ಹೆಣೆಯುತ್ತಿತ್ತೆಂದರೆ ತಪ್ಪಾಗಲಾರದು.

ಆಫ್ರಿಕದ ಮಾಲಿ ದೇಶದ ಜೆನ್ನೆ ಪಟ್ಟಣದಲ್ಲಿ ಇದಕ್ಕೆ ಸಂವಾದಿಯಾದ ಪದ್ಧತಿಯೊಂದು ಜಗತ್ಪ್ರಸಿದ್ಧವಾಗಿದೆ. ಅಲ್ಲಿನ ಮಸೀದಿಯ ಈಗಿನ ಕಟ್ಟಡ 1907ರದು, ಪೂರ್ತಿ ಮಣ್ಣಿನದು. ಪ್ರತಿವರ್ಷ ಊರಿಗೆ ಊರೇ ಸೇರಿ ಅದಕ್ಕೆ ಹೊಸದಾಗಿ ಮಣ್ಣು ಮೆತ್ತುತ್ತದೆ. ಆ ದಿನ ಅಲ್ಲಿ ಹಬ್ಬ. 1988ರಲ್ಲಿ ಯುನೆಸ್ಕೊ ಆ ಪಟ್ಟಣವನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಜಗಳೂರು ಸೀಮೆಯ ಮಾಳಿಗೆಗೆ ಅಂತಹ ಕೀರ್ತಿ ಬರಲಿಲ್ಲ. ಆದರೆ ದುರಸ್ತಿಯನ್ನೇ ಸಮುದಾಯದ ಕ್ರಿಯೆಯಾಗಿಸಿದ ತತ್ತ್ವ ಎರಡು ಕಡೆಯೂ ಒಂದೇ.

ಕೆರೆಯೆಂಬ ವಾಸ್ತು

ಮನೆಯ ಮಣ್ಣು ಎಲ್ಲಿಂದ ಬರುತ್ತಿತ್ತು ಎಂಬ ಪ್ರಶ್ನೆ ನಮ್ಮನ್ನು ಕೆರೆಯ ಅಂಗಳಕ್ಕೆ ಕರೆದೊಯ್ಯುತ್ತದೆ. ಬೇಸಗೆಯಲ್ಲಿ ಬತ್ತಿದ ಕೆರೆಯ ಹೂಳನ್ನು ರೈತ ಗಾಡಿಯಲ್ಲಿ ಹೊಲಕ್ಕೆ ಸಾಗಿಸುತ್ತಿದ್ದ. ಕುಂಬಾರ ಅದೇ ಕೆರೆಯ ಜೇಡಿಮಣ್ಣಿನಿಂದ ಮಡಕೆಯನ್ನೂ ಹೆಂಚನ್ನೂ ಮಾಡುತ್ತಿದ್ದ. ಗೋಡೆಗೆ ಮಣ್ಣು ಕಲಸುವವರಿಗೂ ಅದೇ ಕೆರೆ. ಹೀಗೆ ಮನೆ ರಿಪೇರಿಯಾದಷ್ಟೂ ಕೆರೆಯ ಹೂಳು ತಗ್ಗುತ್ತಿತ್ತು. ಮನೆ ಮತ್ತು ಕೆರೆ ಒಂದೇ ವಾಸ್ತುವಿನ ಎರಡು ಭಾಗಗಳಾಗಿದ್ದವು.

ಈ ಸಂಬಂಧ ನಮ್ಮ ಪ್ರಾಚೀನ ಶಾಸ್ತ್ರಸಾಹಿತ್ಯಕ್ಕೂ ಗೊತ್ತಿತ್ತು. ಚಾಳುಕ್ಯ ಜಯಸಿಂಹನ ಕಾಲದಲ್ಲಿ, 1025ರಲ್ಲಿ, ಇಮ್ಮಡಿ ಚಾವುಂಡರಾಯ ರಚಿಸಿದ ‘ಲೋಕೋಪಕಾರ’ದಲ್ಲಿ ವಾಸ್ತು, ನೆಲದೊಳಗಿನ ನೀರನ್ನು ಗುರುತಿಸುವ ಉದಕಾರ್ಗಳ, ವೃಕ್ಷಾಯುರ್ವೇದ, ಸೂಪಶಾಸ್ತ್ರಗಳು ಒಂದೇ ಗ್ರಂಥದೊಳಗೆ ಅಕ್ಕಪಕ್ಕ ಬರುತ್ತವೆ. ಗೊಮ್ಮಟನನ್ನು ನಿಲ್ಲಿಸಿದ, ‘ತ್ರಿಷಷ್ಟಿಲಕ್ಷಣ ಮಹಾಪುರಾಣ’ದ ಕರ್ತೃವಾದ ಚಾವುಂಡರಾಯನೇ ಬೇರೆ, ಈತನೇ ಬೇರೆ ಎಂಬುದನ್ನು ವಿದ್ಯಾರ್ಥಿಗಳು ನೆನಪಿಡಬೇಕು. ಮನೆಯ ನಿವೇಶನ, ಬಾವಿಯ ಸ್ಥಳ, ತೋಟದ ಗಿಡ, ಅಡುಗೆಯ ಪಾಕ ಇವೆಲ್ಲವೂ ಲೋಕಕ್ಕೆ ಉಪಕಾರವಾಗುವ ಒಂದೇ ವಿದ್ಯೆಯ ಅಂಗಗಳೆಂದು ಬಗೆದ ಕೃತಿಯದು.

ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ, ಅಂದರೆ ಶಾಂತಿಸಾಗರ, ಈ ಸೀಮೆಯ ಅತಿದೊಡ್ಡ ನಿರ್ಮಿತಿ. ಎರಡು ಗುಡ್ಡಗಳ ನಡುವಣ ಇಕ್ಕಟ್ಟಿನಲ್ಲಿ ಹರಿದ್ರಾ ಹೊಳೆಗೆ ಅಡ್ಡವಾಗಿ ಏರಿ ಹಾಕಿ ಕಟ್ಟಿದ ಈ ಕೆರೆಯ ಹರವು ಸುಮಾರು 6,500 ಎಕರೆ. ಅಷ್ಟು ನೀರನ್ನು ಹಿಡಿದಿರುವ ಏರಿಯ ಉದ್ದ ಮಾತ್ರ ಬಹಳ ಕಡಿಮೆ. ಸ್ಥಳದ ಆಯ್ಕೆಯೇ ಇಲ್ಲಿ ಅರ್ಧ ಕೆಲಸ ಮಾಡಿದೆ. ಸಿದ್ದನಾಲೆ, ಬಸವನಾಲೆ ಎಂಬ ಎರಡು ನಾಲೆಗಳು ಇಂದಿಗೂ ಜನರ ಬಾಯಲ್ಲಿವೆ. ಕೆರೆಯನ್ನು ಕಟ್ಟಿಸಿದವಳು ಶಾಂತವ್ವನೆಂಬ ರಾಜಕುಮಾರಿ ಎಂದು ಜನಪದ ಕಥನಗಳು ಹೇಳುತ್ತವೆ. ಲೋಕನಿಂದೆಗೆ ಗುರಿಯಾದ ಹೆಣ್ಣೊಬ್ಬಳು ಲೋಕಕ್ಕೇ ನೀರು ಕೊಟ್ಟಳೆಂಬುದು ಆ ಕಥೆಗಳ ತಿರುಳು. ನಿಂದೆಯ ಹೆಸರು, ಗೌರವದ ಹೆಸರು ಎರಡನ್ನೂ ಒಟ್ಟಿಗೆ ಹೊತ್ತು ನಿಂತಿರುವ ಕೆರೆಯದು.

ಕೆರೆಯ ಶಾಸನಗಳಲ್ಲಿಯೂ ‘ಖಂಡಸ್ಫುಟಿತ’ಕ್ಕೆ ಸಮಾನವಾದ ಏರ್ಪಾಡೊಂದಿದೆ. ಬಿತ್ತುವಟ್ಟ, ಕಟ್ಟುಕೊಡಗೆ, ಕೆರೆಗೊಡಗೆ ಎಂಬ ಪದಗಳು ಕೆರೆಯನ್ನು ಕಟ್ಟಿದವರಿಗೆ ಅಥವಾ ಕಾಯುವವರಿಗೆ ಬಿಟ್ಟ ಭೂಮಿಯನ್ನೂ ಫಲದ ಪಾಲನ್ನೂ ಸೂಚಿಸುತ್ತವೆ. ಕೆರೆಯಿಂದ ಫಲ ಪಡೆದ ಗದ್ದೆಯೇ ಕೆರೆಯ ಏರಿಗೆ ಮಣ್ಣು ಹಾಕಬೇಕು ಎಂಬ ನ್ಯಾಯ ಇದರ ಹಿಂದಿದೆ. ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರಾಗಿದ್ದ ಸ್ಯಾಂಕಿ, 1866ರಲ್ಲಿ, ಈ ನಾಡಿನಲ್ಲಿ ಹೊಸ ಕೆರೆಗೆ ಜಾಗ ಹುಡುಕುವುದೇ ಕಷ್ಟವೆಂಬಂತೆ ಬರೆದ. ಅಷ್ಟು ಕೆರೆಗಳು ಉಳಿದುಬಂದದ್ದು ಕಟ್ಟಿದವರ ಜಾಣ್ಮೆಯಿಂದಷ್ಟೇ ಅಲ್ಲ, ಈ ಕೊಡಗೆಗಳ ಬಲದಿಂದ. ಕೆರೆಯ ಹೊಣೆ ಲೋಕೋಪಯೋಗಿ ಇಲಾಖೆಯತ್ತ ಸರಿದ ಮೇಲೆ ಊರಿನ ಕೈ ಸಡಿಲವಾಯಿತು. 1911ರಲ್ಲಿ ಸಂಸ್ಥಾನವು ಕೆರೆ ಪಂಚಾಯಿತಿಗಳಿಗಾಗಿ ಕಾನೂನನ್ನೇ ತರಬೇಕಾಯಿತೆಂದರೆ ಆ ಸಡಿಲಿಕೆಯ ಅಳತೆ ತಿಳಿಯುತ್ತದೆ.

ಕೊಳ ಮತ್ತು ತಾಂಡ

ಚನ್ನಗಿರಿ ತಾಲ್ಲೂಕಿನದೇ ಆದ ಸಂತೆಬೆನ್ನೂರಿನ ಪುಷ್ಕರಣಿ ಇನ್ನೊಂದು ಬಗೆಯ ಪಾಠ ಹೇಳುತ್ತದೆ. 16ನೆಯ ಶತಮಾನದಲ್ಲಿ ಹನುಮಂತಪ್ಪ ನಾಯಕ ಕಟ್ಟಿಸಿದ ಈ ಕೊಳದ ನಡುವೆ ವಸಂತಮಂಟಪ, ಸುತ್ತ ಮೆಟ್ಟಿಲುಗಳು, ದಿಕ್ಕುಗಳಲ್ಲಿ ಸಣ್ಣ ಮಂಟಪಗಳು. ಎದುರಿಗೆ ಬಿಜಾಪುರದ ಸೇನಾನಿ ರಣದುಲ್ಲಾಖಾನನ ಕಾಲದ ಮುಸಾಫಿರಖಾನೆ. ನಾಯಕರ ಮತ್ತು ಸುಲ್ತಾನರ ನಡುವಣ ಕದನದ ಕಹಿ ಈ ಊರಿನ ಇತಿಹಾಸದಲ್ಲಿದೆ. ಆದರೂ ನಡುವಿನ ಮಂಟಪದ ಕಮಾನುಗಳಲ್ಲಿ ಎರಡು ಶೈಲಿಗಳು ಕೂಡಿಕೊಂಡಿವೆ. ಕಲ್ಲಿನ ಮೆಟ್ಟಿಲುಗಳು ಬಿಸಿಲಿನ ಊರಿಗೆ ತಂಪಿನ ತಾಣವನ್ನೂ ಸಭೆ ಸೇರುವ ಎಡೆಯನ್ನೂ ಒಟ್ಟಿಗೆ ಕೊಟ್ಟವು. ನೀರಿನ ದಂಡೆಯಲ್ಲಿ ಕುಳಿತುಕೊಳ್ಳಲು ಜಾಗವಿದ್ದಾಗ ಆ ನೀರನ್ನು ಕಾಯುವ ಕಣ್ಣುಗಳೂ ಇರುತ್ತವೆ.

ಕಾಯುವ ಹೊಣೆ ಹುಟ್ಟಲು ನೆಲದ ಮೇಲೆ ಹಕ್ಕೂ ಇರಬೇಕು. ಇದನ್ನು ನ್ಯಾಮತಿ ತಾಲ್ಲೂಕಿನ ತಾಂಡಗಳು ನೆನಪಿಸುತ್ತವೆ. ಇಲ್ಲಿನ ಸೂರಗೊಂಡನಕೊಪ್ಪ ಬಂಜಾರ ಸಮುದಾಯದ ಸಂತ ಸೇವಾಲಾಲರ ಜನ್ಮಸ್ಥಳವೆಂದು ಪೂಜ್ಯವಾಗಿದೆ. ದೂರದ ರಾಜ್ಯಗಳಿಂದಲೂ ಯಾತ್ರಿಕರು ಬರುತ್ತಾರೆ. ಸರಕು ಸಾಗಿಸುವ ಎತ್ತುಗಳೊಂದಿಗೆ ನಾಡೆಲ್ಲ ತಿರುಗುತ್ತಿದ್ದ ಸಮುದಾಯ ನೆಲೆನಿಂತಾಗ ಊರಿನಿಂದ ಹೊರಗೆ ತನ್ನದೇ ತಾಂಡವನ್ನು ಕಟ್ಟಿಕೊಂಡಿತು. ಗುಡಿಯ ಮುಂದಿನ ಬಯಲು ತಾಂಡದ ಪಂಚಾಯಿತಿಗೂ ಹಬ್ಬಕ್ಕೂ ಮೀಸಲು. ಇಷ್ಟು ಬಿಗಿಯಾದ ಸಾಮುದಾಯಿಕ ವಾಸ್ತುವಿದ್ದರೂ ಎಷ್ಟೋ ತಾಂಡಗಳಿಗೆ ಕಂದಾಯ ದಾಖಲೆಯಲ್ಲಿ ಹೆಸರಿರಲಿಲ್ಲ, ಮನೆಯೊಡೆಯರಿಗೆ ಹಕ್ಕುಪತ್ರವಿರಲಿಲ್ಲ. 2023ರ ಜನವರಿಯಲ್ಲಿ ಐದು ಜಿಲ್ಲೆಗಳ 50,000ಕ್ಕೂ ಹೆಚ್ಚು ತಾಂಡಾ ಕುಟುಂಬಗಳಿಗೆ ಹಕ್ಕುಪತ್ರ ವಿತರಣೆಯಾದದ್ದು ಮಳಖೇಡದಲ್ಲಿ. ಅದು ಒಂದು ಕಾಲಕ್ಕೆ ರಾಷ್ಟ್ರಕೂಟರ ಮಾನ್ಯಖೇಟ, ನೃಪತುಂಗನ ರಾಜಧಾನಿ. ನಾಳೆ ಯಾರಾದರೂ ಎಬ್ಬಿಸಬಹುದಾದ ಮನೆಗೆ ಯಾರೂ ಗಟ್ಟಿ ಗೋಡೆ ಕಟ್ಟುವುದಿಲ್ಲ. ಹಕ್ಕುಪತ್ರವೂ ಮನೆಯ ಒಂದು ತಳಪಾಯವೇ ಸರಿ.

ಶ್ರಾವಕಾಚಾರದ ಬೆಳಕಿನಲ್ಲಿ

ಜೈನ ಗೃಹಸ್ಥಧರ್ಮದಲ್ಲಿ ವಸತಿಪರಿಸರಕ್ಕೆ ಸಂಬಂಧಿಸಿದ ಎರಡು ವಿಚಾರಗಳು ಇಲ್ಲಿ ಪ್ರಸ್ತುತವಾಗುತ್ತವೆ. ಮೊದಲನೆಯದು ನೀರು ಸೋಸುವ ನಿಯಮ. ಶ್ರಾವಕನು ನೀರನ್ನು ಬಟ್ಟೆಯಲ್ಲಿ ಸೋಸಿಯೇ ಬಳಸಬೇಕೆಂಬುದು ಎಲ್ಲರಿಗೂ ಗೊತ್ತು. ಆ ನಿಯಮದ ಉತ್ತರಾರ್ಧ ಅಷ್ಟು ಪ್ರಚಾರದಲ್ಲಿಲ್ಲ: ಬಟ್ಟೆಯಲ್ಲಿ ಉಳಿದ ಸೂಕ್ಷ್ಮಜೀವಿಗಳನ್ನು ನೀರು ತಂದ ಬಾವಿಗೇ ಮರಳಿ ಬಿಡಬೇಕು. ಹೀಗೆ ಅಡುಗೆಮನೆಯಿಂದ ಬಾವಿಗೆ ಒಂದು ಮರುದಾರಿ ಸದಾ ತೆರೆದಿರುತ್ತದೆ. ನೀರು ಎಲ್ಲಿಂದ ಬಂತೆಂದು ತಿಳಿಯದ ಮನೆಯಲ್ಲಿ ಈ ವ್ರತ ನಡೆಯುವುದಿಲ್ಲ. ಕೊಳವೆಬಾವಿಯ ನೀರು ವ್ರತಿಗಳಿಗೆ ತೊಡಕಾಗಿ ತೋರುವುದೂ ಇದರಿಂದಲೇ. ನೂರಾರು ಅಡಿ ಆಳದಿಂದ ಎತ್ತಿದ ನೀರಿಗೆ ಮರಳಿಸುವ ದಾರಿಯಿಲ್ಲ.

ಎರಡನೆಯದು ಕರ್ಮಾದಾನಗಳ ವಿಚಾರ. ಶ್ವೇತಾಂಬರ ಆಗಮಗಳಲ್ಲೊಂದಾದ ‘ಉಪಾಸಕದಶಾ’ ಗೃಹಸ್ಥನು ಬಿಡಬೇಕಾದ 15 ಜೀವನೋಪಾಯಗಳನ್ನು ಹೇಳುತ್ತದೆ. ಅವುಗಳಲ್ಲಿ ಕೆರೆ, ಕೊಳಗಳನ್ನು ಬತ್ತಿಸುವುದೂ ಒಂದು. ನೆಲವನ್ನು ಅಗೆದು ಬಗೆಯುವ ಉದ್ಯೋಗವೂ ಅದೇ ಪಟ್ಟಿಯಲ್ಲಿದೆ. ಹಾಗಾದರೆ ಕೆರೆ ತೋಡಿಸುವುದು ಹಿಂಸೆಯಲ್ಲವೇ ಎಂಬ ಪ್ರಶ್ನೆ ಏಳುವುದು ಸಹಜ. ಕನ್ನಡ ನಾಡಿನ ಜೈನ ದಾನಿಗಳು ಬಸದಿಯನ್ನು ಕಟ್ಟಿಸಿದಂತೆ ಕೆರೆಯನ್ನೂ ಕಟ್ಟಿಸಿದ್ದಾರೆ. ಅವರು ಕಂಡುಕೊಂಡ ಉತ್ತರ ಆಚರಣೆಯಲ್ಲಿದೆಯೆಂದು ನನಗೆ ತೋರುತ್ತದೆ: ಒಮ್ಮೆ ತೋಡಿದ್ದನ್ನು ಮತ್ತೆ ಮತ್ತೆ ತೋಡದಂತೆ ಕಾಯುವುದು. ಇರುವುದನ್ನು ದುರಸ್ತಿ ಮಾಡಿ ಉಳಿಸಿಕೊಂಡಷ್ಟೂ ಹೊಸ ಆರಂಭ ಕಡಿಮೆ. ಆರಂಭ ಕಡಿಮೆಯಾದಷ್ಟೂ ಹಿಂಸೆ ಕಡಿಮೆ. ಅಪರಿಗ್ರಹಕ್ಕೂ ಜೀರ್ಣೋದ್ಧಾರಕ್ಕೂ ಇರುವ ನಂಟು ಇದು.

ಯಾರ ಬೆವರು?

ಇಷ್ಟನ್ನು ಹೇಳಿ ಹಳೆಯ ಊರನ್ನು ಹೊಗಳಿ ಮುಗಿಸಿದರೆ ಇತಿಹಾಸಕ್ಕೆ ಅನ್ಯಾಯವಾಗುತ್ತದೆ. ಮುಯ್ಯಾಳಿನ ಪಕ್ಕದಲ್ಲಿಯೇ ಬಿಟ್ಟಿಯೂ ಇತ್ತು. ಕೆರೆಯ ತೂಬು ತೆರೆದು ಗದ್ದೆಗದ್ದೆಗೆ ನೀರು ಹಂಚುತ್ತಿದ್ದ ನೀರಗಂಟಿ ಅನೇಕ ಊರುಗಳಲ್ಲಿ ಅಸ್ಪೃಶ್ಯನೆನಿಸಿಕೊಂಡವನು. ಊರಿಗೆಲ್ಲ ನೀರು ಹಾಯಿಸುವ ಅವನಿಗೆ ಊರ ಬಾವಿಯ ಹಗ್ಗ ಮುಟ್ಟುವ ಹಕ್ಕಿರಲಿಲ್ಲ. ಕೇರಿಗಳ ವಿಂಗಡಣೆಯೇ ಹಳ್ಳಿಯ ಅತ್ಯಂತ ಗಟ್ಟಿಯಾದ ವಾಸ್ತುಸೂತ್ರವಾಗಿತ್ತು. ಮಣ್ಣಿನ ಗೋಡೆ ಕರಗಿದರೂ ಅದು ಕರಗಲಿಲ್ಲ. ಮನೆಯೊಳಗೂ ಅಷ್ಟೇ. ನೆಲ ಸಾರಿಸುವ, ಗೋಡೆ ಬಳಿಯುವ, ಗವಾಕ್ಷಿಯಿಂದ ಹೊರಹೋಗದ ಹೊಗೆಯನ್ನು ಕುಡಿಯುವ ಕೆಲಸ ಹೆಂಗಸರ ಪಾಲಿನದು. ಸಿಮೆಂಟಿನ ನೆಲ ಬಂದಾಗ ಹೆಚ್ಚು ಸಂತೋಷಪಟ್ಟವರು ಅವರೇ ಎಂಬುದನ್ನು ಪಾರಂಪರಿಕ ವಾಸ್ತುವಿನ ಅಭಿಮಾನಿಗಳು ಮರೆಯಬಾರದು.

ಬದಲಾವಣೆ ಒಂದೇ ಸಲಕ್ಕೆ ಬರಲಿಲ್ಲ. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಅಲ್ಲಿಂದ ಹಬ್ಬಿದ ಮಂಗಳೂರು ಹೆಂಚು ವರ್ಷವರ್ಷದ ಕೈಯಾಡಿಸುವಿಕೆಯನ್ನು ತಗ್ಗಿಸಿತು, ಜೊತೆಗೆ ಊರ ಕುಂಬಾರನ ಹೆಂಚನ್ನೂ ಇಲ್ಲವಾಗಿಸಿತು. ಭದ್ರಾ ನಾಲೆ ಬಂದ ಮೇಲೆ ಚನ್ನಗಿರಿ, ಹೊನ್ನಾಳಿಗಳ ಬೇಸಾಯ ಬದಲಾಯಿತು. ಅಡಕೆಯ ಆದಾಯ ಆರ್‌ಸಿಸಿ ಮನೆಗಳನ್ನು ತಂದಿತು. ಅಡಕೆ ಒಣಗಿಸಲು ಸಮತಟ್ಟಾದ ತಾರಸಿ ಅನುಕೂಲವೂ ಹೌದು. ಆದರೆ ತೆಳ್ಳನೆಯ ಕಾಂಕ್ರೀಟು ಹಗಲಿನ ಬಿಸಿಲನ್ನು ಹೀರಿ ರಾತ್ರಿ ಮಲಗಿದವರ ಮೇಲೆ ಸುರಿಯುತ್ತದೆ. ಫ್ಯಾನಿಲ್ಲದೆ ಅಲ್ಲಿ ನಿದ್ರೆಯಿಲ್ಲ. ಇತ್ತ ಕೆರೆಯ ಜೇಡಿಮಣ್ಣನ್ನು ಕೇಳುವವರಿಲ್ಲದೆ ಹೂಳು ಕೆರೆಯಲ್ಲಿಯೇ ಉಳಿಯಿತು. ಹೂಳಿಗೆ ಇದೊಂದೇ ಕಾರಣವಲ್ಲ. ಆದರೆ ಮನೆಗೂ ಕೆರೆಗೂ ಇದ್ದ ಮಣ್ಣಿನ ನಂಟು ಕಡಿದದ್ದು ಒಂದು ಕಾರಣ.

ಹಳೆಯ ಮಣ್ಣಿಗೆ ಹೊಸ ವಿದ್ಯೆಯನ್ನು ಬೆರೆಸುವ ದಾರಿ ಮುಚ್ಚಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರದಲ್ಲಿ ಕೆ. ಎಸ್. ಜಗದೀಶ್ ಮತ್ತು ಸಂಗಡಿಗರು ಸ್ವಲ್ಪ ಸಿಮೆಂಟು ಬೆರೆಸಿ ಒತ್ತಿದ, ಸುಡದ ಮಣ್ಣಿನ ಇಟ್ಟಿಗೆಯನ್ನು ರೂಪಿಸಿದರು. ಇತ್ತ ಜಗಳೂರು ತಾಲ್ಲೂಕಿನ 57 ಕೆರೆಗಳಿಗೆ ತುಂಗಭದ್ರೆಯಿಂದ ನೀರೆತ್ತುವ ಯೋಜನೆ ಕೈಗೂಡಿದೆ. ಹೊನ್ನಾಳಿಯ ದಂಡೆ ಸವರಿ ಬಂದ ಹೊಳೆ ಬರದ ಸೀಮೆಯ ಕೆರೆಯಂಗಳವನ್ನು ಸೇರುವುದು ದೊಡ್ಡ ಸಂಗತಿ. ಆದರೆ ಎತ್ತಿ ತಂದ ನೀರು ನಿಲ್ಲಲು ಏರಿ ಗಟ್ಟಿಯಿರಬೇಕು, ಕೆರೆಯ ಹರವು ಒತ್ತುವರಿಯಾಗದೆ ಉಳಿಯಬೇಕು. ಅಲ್ಲಿ ಮತ್ತೆ ಕಾಯುವವರ ಪ್ರಶ್ನೆ ಬರುತ್ತದೆ.

ಸರ್ಕಾರದ ವಸತಿ ಯೋಜನೆಗಳಲ್ಲಿ ಅನುದಾನ ಹಂತಹಂತವಾಗಿ ಬಿಡುಗಡೆಯಾಗುತ್ತದೆ: ತಳಪಾಯ, ಲಿಂಟಲ್, ಛಾವಣಿ, ಪೂರ್ಣಗೊಂಡ ಮನೆ. ಪ್ರತಿ ಹಂತಕ್ಕೂ ಭಾವಚಿತ್ರ ತೆಗೆಯುತ್ತಾರೆ. ನಾಲ್ಕನೆಯದರ ನಂತರ ಕಡತ ಮುಚ್ಚುತ್ತದೆ. ಶಾಸನಗಳನ್ನು ಬರೆಸಿದವರಿಗೆ ಐದನೆಯ ಹಂತವೊಂದಿದೆಯೆಂದು ತಿಳಿದಿತ್ತು. ಅದಕ್ಕೆ ಅವರು ಹೊಲ ಬಿಟ್ಟರು, ಅದನ್ನು ಅಳಿಸಿದವರಿಗೆ ಶಾಪವನ್ನೂ ಕೊರೆಸಿದರು. ಇಂದಿನ ಪ್ರಜಾಪ್ರಭುತ್ವಕ್ಕೆ ಶಾಪ ಬೇಕಿಲ್ಲ, ಬಿಟ್ಟಿಯಂತೂ ಬೇಡವೇ ಬೇಡ. ಮನೆಗೂ ಕೆರೆಗೂ ಕೊಳಕ್ಕೂ ಪ್ರತಿವರ್ಷದ ದುರಸ್ತಿಗೆಂದು ಗ್ರಾಮ ಪಂಚಾಯಿತಿಯ ಲೆಕ್ಕಪುಸ್ತಕದಲ್ಲಿ ಕೂಲಿ ಸಹಿತವಾದ ಒಂದು ಬಾಬು ಇದ್ದರೆ ಸಾಕು. ಅದನ್ನು ಯಾವ ಹೆಸರಿನಿಂದ ಕರೆಯಬೇಕೆಂಬ ಚಿಂತೆ ಬೇಡ. ಹೆಸರು ನಮ್ಮ ಬಸದಿಗಳ ಕಲ್ಲುಗಳ ಮೇಲೆ ಸಾವಿರ ವರ್ಷದಿಂದ ಇದೆ.